ಓರೆ ಕೂತ ಕಾರ್ಬರೇಟರ್

ಬಾಳವ್ವನ ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಡ್ರೈವರ್ ಕಮರುದ್ದೀನ ಸೈಕಲ್ಲನ್ನು ಅಂಗಳದಲ್ಲೇ ಕೆಡವಿ ಓಡಿ ಬಂದ.

"ಮಿಸ್ತ್ರೀ, ಸುಳ್ಳ ಊರಿಂದ ಬರೋ ಮೋಟಾರು ಕೇಶ್ವಾಪುರದ ಆಚಿ ನಿಂತೈತ್ರಿ. ಕಾರ್ಬರೇಟರ್‌ನಿಂದ ಪೆಟ್ರೋಲ್ ಸುರಿಯಾಕತ್ತೈತಿ. ನಿಮ್ಮ ಅತ್ತಿ ಅದರಾಗ ಅದಾರ."

ಹೆಂಡತಿಯ ಮುಖ ನೋಡುತ್ತ ಕೂತಿದ್ದ ಮೋಟಾರು ಮಿಸ್ತ್ರಿ ಶಿದ್ದಪ್ಪ ಏಳಲಿಲ್ಲ. ಮೂರು ದಿನದ ಜ್ವರಕ್ಕೆ ಹೋದ ಮುತ್ತೈದೆ. ತವರಿನ ಸೀರೆ ಬರದೆ ಹೆಣ ಎತ್ತುವಂತಿಲ್ಲ. ಸೀರೆ ತರುತ್ತಿದ್ದ ಬಾಳವ್ವನ ತಾಯಿ ಸಾವಕ್ಕ ಎಂಬತ್ತರ ಮುದುಕಿ.

"ಟಾಂಗಾ ಕಳಸ್ರಿ," ಎಂದ ಶಿದ್ದಪ್ಪ.

"ಇಪ್ಪತ್ತು ಮಂದಿ ಇದ್ದಾರೋ," ಎಂದರು ಮೋಟಾರಿನ ಮಾಲಕ ಬಿಂದುಮಾಧವರಾಯರು. "ಎಷ್ಟು ಟಾಂಗಾ ಕಳಸೋದು? ನೀ ಒಮ್ಮೆ ಕೈ ಹಚ್ಚು, ಸಾಕು. ಹುಬ್ಬಳ್ಳ್ಯಾಗ ಇದನ್ನ ಬಲ್ಲಾಂವ ನೀ ಒಬ್ಬನ."

ಸುತ್ತಲಿದ್ದ ಡ್ರೈವರುಗಳು ಹೌದೆಂದರು. ಶಿದ್ದಪ್ಪ ಎದ್ದು ಚಪ್ಪಲಿ ಹುಡುಕಿದ.

*

ಎಂಟು ವರ್ಷದ ಹಿಂದೆ, ಮೂವತ್ತನೇ ಇಸವಿಯಲ್ಲಿ, ರಾಯರು ಹೊಸ ನಮೂನೆಯ ಮೋಟಾರು ತರಿಸಿದ್ದರು. ಅದರ ಎಂಜಿನ್ನಿಗೆ ಪೆಟ್ರೋಲು ಎಳೆಯುವ ಕೊಳವೆ ಇಳಿಜಾರಾಗಿತ್ತು; ಅದಕ್ಕೆ ಕಟ್ಟಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬರೇಟರ್ ಕೂಡ ಓರೆಯಾಗಿ ಕೂರುತ್ತಿತ್ತು. ಅದರೊಳಗೆ ಪೆಟ್ರೋಲಿನ ಮೇಲೆ ತೇಲುವ ಹಿತ್ತಾಳೆಯ ಡಬ್ಬಿಗೆ ಫ್ಲೋಟು ಎನ್ನುತ್ತಿದ್ದರು. ಅದು ಮೇಲೇರಿದಂತೆ ಪೆಟ್ರೋಲು ಬರುವ ಬಾಯಿ ಮುಚ್ಚುತ್ತಿತ್ತು. ಫ್ಲೋಟಿನ ಮಟ್ಟ ಕೂದಲೆಳೆ ತಪ್ಪಿದರೂ ಪೆಟ್ರೋಲು ಉಕ್ಕಿ ಹರಿಯುತ್ತಿತ್ತು. ಶಿದ್ದಪ್ಪ ಆ ಕಾರ್ಬರೇಟರನ್ನು ಮನೆಗೆ ತಂದು ಎರಡು ದಿನ ತಿಣುಕಿದ. ಹಿಟ್ಟು ಸಾಣಿಸುತ್ತಿದ್ದ ಬಾಳವ್ವ ಕೇಳಿದಳು:

"ಮೋಟಾರಿನಾಗ ಇದು ಹಿಂಗ ನೆಟ್ಟಗ ಕುಂತಿರ್ತೈತೇನ್ರಿ?"

"ಇಲ್ಲ. ಓರೆ ಕುಂತಿರ್ತೈತಿ."

"ಮತ್ತ ಯಾಕ ನೆಟ್ಟಗ ಇಟ್ಟು ಅಳೀತೀರಿ?"

ಅವಳು ಕೈ ಒರೆಸಿಕೊಂಡು ಬಂದು, ಕಾರ್ಬರೇಟರಿನ ಒಂದು ಮಗ್ಗುಲಡಿ ಹಿಟ್ಟಿನ ಡಬ್ಬಿಯ ಮುಚ್ಚಳ ಇಟ್ಟು ಓರೆ ಮಾಡಿ, ಪೆಟ್ರೋಲು ಎಲ್ಲಿಗೆ ನಿಲ್ಲುತ್ತದೆಂದು ನೋಡಿದಳು. ಫ್ಲೋಟಿನ ತೆಳ್ಳನೆಯ ನಾಲಿಗೆಯನ್ನು ತುಸುವೇ ಬಗ್ಗಿಸಿದಳು. ಕಾರಣ ತಿಳಿದ ಮೇಲೂ ಶಿದ್ದಪ್ಪನ ಕೈಗೆ ಆ ಹದ ಬರಲಿಲ್ಲ. ಅವನು ಬಗ್ಗಿಸಿದರೆ ಒಂದೋ ಹೆಚ್ಚು, ಇಲ್ಲವೇ ಕಡಿಮೆ.

ಮರುದಿನ ಮೋಟಾರು ಒಂದು ಹನಿ ಚೆಲ್ಲದೆ ಧಾರವಾಡದ ಏರು ಹತ್ತಿತು. ರಾಯರು ಬೆನ್ನು ತಟ್ಟಿದರು. ಹೆಂಡತಿ ಮಾಡಿದ್ದೆಂದು ಸಂಜೆ ಹೇಳಿದರಾಯಿತು ಎಂದುಕೊಂಡ ಶಿದ್ದಪ್ಪ ಸಂಜೆ ಹೇಳಲಿಲ್ಲ. ಅಂದಿನಿಂದ ಊರಿನ ಕಾರ್ಬರೇಟರುಗಳು ಅರಿವೆಯಲ್ಲಿ ಸುತ್ತಿ ಅವನ ಮನೆಗೆ ಬರತೊಡಗಿದವು. ಮಿಸ್ತ್ರಿ ತನ್ನ ವಿದ್ಯೆಯನ್ನು ಯಾರಿಗೂ ತೋರಿಸುವುದಿಲ್ಲ ಎಂದು ಜನ ಗೌರವದಿಂದಲೇ ಹೇಳುತ್ತಿದ್ದರು.

ಒಮ್ಮೆ ರಾಯರು ಶಾಲು ಹೊದಿಸಲು ಡ್ರೈವರುಗಳನ್ನು ಕರೆದುಕೊಂಡು ಮನೆಗೇ ಬಂದರು. ಮಡಿ ಬಿಟ್ಟ ಮನುಷ್ಯ. ಬಾಳವ್ವ ಕೊಟ್ಟ ಚಹಾ ಕುಡಿದರು.

"ಏನೋ ಶಿದ್ದಪ್ಪ, ಚಹಾ ಪೆಟ್ರೋಲ್ ವಾಸನಿ ಹೊಡೀಲಿಕ್ಹತ್ತದ!"

"ಎಷ್ಟು ಹೇಳಿದ್ರೂ ತಿಳಿಯಂಗಿಲ್ರಿ ಇಕಿಗೆ. ನನ್ನ ಸಾಮಾನು ಮುಟ್ಟತಾಳ, ಕೈ ತೊಳ್ಕೊಳ್ಳಂಗಿಲ್ಲ. ಹೆಡ್ಡಿ."

ಎಲ್ಲರೂ ನಕ್ಕರು. ಬಾಳವ್ವ ಚಹಾದ ಕಪ್ಪು-ಬಸಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಅವಳು ಬೂದಿ ಹಚ್ಚಿ ಕೈ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ಮರುದಿನ ಅವನು ಇನ್ನೊಂದು ಕಾರ್ಬರೇಟರ್ ಮುಂದಿಟ್ಟಾಗ ಅವಳು ಅದರ ಮಗ್ಗುಲಡಿ ಮುಚ್ಚಳ ಇಟ್ಟಳು.

*

ಕೇಶ್ವಾಪುರದ ಆಚೆ ಶಿದ್ದಪ್ಪ ಮೂರು ಸಲ ಕಾರ್ಬರೇಟರ್ ಬಿಚ್ಚಿ ಕಟ್ಟಿದ. ಮೂರು ಸಲವೂ ಪೆಟ್ರೋಲು ಮಣ್ಣಿಗೆ ಸುರಿಯಿತು.

"ಮನಿಗೆ ಒಯ್ದು ಮಾಡ್ಕೊಂಡು ಬರ್ರಿ," ಎಂದ ಕಮರುದ್ದೀನ. "ಯಾವಾಗ್ಲೂ ಹಂಗ ಮಾಡ್ತೀರಲ್ಲ?"

"ಮನ್ಯಾಗ ಮಾಡಾಕಿ ಹೋದ್ಲಲ್ಲೋ."

ಕಮರುದ್ದೀನ ಅವನ ಹೆಗಲು ಹಿಡಿದ. "ಇವತ್ತ ನಿಮ್ಮ ಮನಸ್ಸು ಠೀಕಿಲ್ಲ. ಬಿಡ್ರಿ."

ಶಿದ್ದಪ್ಪ ಕೈಗೆ ಹತ್ತಿದ ಪೆಟ್ರೋಲು ಒರೆಸಿಕೊಂಡ. ಹಾಗೇ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕಿಟಕಿಯಿಂದ ಸಾವಕ್ಕ ಕಣ್ಣೊರೆಸಿಕೊಂಡು, "ನನ್ನ ಮಗಳು ಪುಣ್ಯಾ ಮಾಡಿದ್ಲಪ್ಪಾ, ಇಂಥಾ ಕೈಗುಣದ ಗಂಡನ್ನ ಪಡದ್ಲು," ಎಂದಳು.

"ಹಂಗ ಅನಬ್ಯಾಡ್ರಿ ಅತ್ತಿ." ಅವನು ಕಿಟಕಿಯ ಕೆಳಗೆ ಬಂದು ನಿಂತ. "ನನಗಿದು ಎಂದೂ ಬಂದಿಲ್ಲ. ಎಂಟು ವರ್ಷ ಆಕೀನ ಮಾಡ್ಯಾಳ. ನಾ ಹೆಸರು ತಗೊಂಡೆ."

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಸಾವಕ್ಕ ಮಡಿಲಲ್ಲಿದ್ದ ಹಸಿರು ಸೀರೆಯ ಮಡಿಕೆ ಸರಿಮಾಡಿದಳು.

"'ಇದು ನಿನ್ನದ ಕೈಗುಣ' ಅಂತ ಆಕಿಗೆ ಯಾವಾಗರ ಅಂದಿದ್ದೇನು?"

"ಇಲ್ಲ."

"ಹಂಗಾರ ನಡಿ. ಆಕಿ ಮುಂದ ಹೇಳು."

ಜನ ಇಳಿದು ಮೋಟಾರು ನೂಕಿದರು. ಒಳಗೆ ಸಾವಕ್ಕ ಒಬ್ಬಳೇ ಕೂತಿದ್ದಳು. ಶಿದ್ದಪ್ಪ ಹಿಂದಿನಿಂದ ಹೆಗಲು ಕೊಟ್ಟು ನೂಕಿದ.

ಮನೆ ತಲುಪಿದ ಮೇಲೆ ಸಾವಕ್ಕ ಸೀರೆ ಹೊದಿಸದೆ ಅವನ ಮುಖ ನೋಡುತ್ತ ನಿಂತಳು. ಶಿದ್ದಪ್ಪ ಹೆಣದ ಮುಂದೆ ಮೊಣಕಾಲೂರಿ, ರಾಯರೂ ಡ್ರೈವರುಗಳೂ ಕೇಳುವಂತೆ ಎಲ್ಲ ಹೇಳಿದ. ಚಹಾದ ದಿನದ ಮಾತನ್ನೂ ಬಿಡಲಿಲ್ಲ. ಅದನ್ನು ಕೇಳುವಾಗ ರಾಯರು ತಲೆ ತಗ್ಗಿಸಿದರು. ಸಾವಕ್ಕ ಸೀರೆ ಬಿಚ್ಚಿ ಮಗಳಿಗೆ ಹೊದಿಸಿದಳು.

ಶಿದ್ದಪ್ಪ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಡ್ರೈವರುಗಳು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು, ಅವನನ್ನು ದಾಟಿ ಒಳಗೆ ಹೋಗಿ, ಬಾಗಿ ಬಾಳವ್ವನ ಪಾದ ಮುಟ್ಟುತ್ತಿದ್ದರು. ಕಟ್ಟೆಯ ಮೇಲೆ ಅವನ ಎರಡೂ ಬದಿ ಖಾಲಿ ಇತ್ತು.