ಯಾರ ಕಣ್ಣಿಗೂ ಬೀಳದ ಗಾಡಿ

ನಾನು ವೆಂಡೆಲ್. ಲಾಸ್ ಏಂಜಲೀಸಿನ ಒಂದು ಶಾಲೆಯ ಮುಂದೆ ಕಿತ್ತಳೆ ಜಾಕೆಟ್ ತೊಟ್ಟು, ‘ನಿಲ್ಲಿ’ ಎಂಬ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವವನು. ಈ ಕೆಲಸ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ. ನಿಜ ಹೇಳಬೇಕೆಂದರೆ ಬೇರೆ ಸಂತೋಷವೂ ಇಲ್ಲ. ನಾನಿದ್ದ ಕಟ್ಟಡವನ್ನು ಮಾಲೀಕ ಮಾರಿಬಿಟ್ಟ. ಹೊಸಬ ಕೇಳಿದ ಬಾಡಿಗೆಯನ್ನು ನನ್ನ ಸಂಬಳ ಕನಸಿನಲ್ಲೂ ಕಂಡಿರಲಿಲ್ಲ. ಇನ್ನೇನು, ಗಾಡಿಯೊಂದನ್ನು ಕೊಂಡು ಅದರಲ್ಲೇ ಇರುವುದೆಂದಾಯಿತು. ಆದರೆ ಶಾಲೆಯವರಿಗೆ ಸುಳಿವು ಸಿಗಬಾರದು. ಬೀದಿಯಲ್ಲಿ ಮಲಗುವ ಗಂಡಸಿನ ಕೈಗೆ ಈ ಊರಿನ ತಾಯಂದಿರು ಮಕ್ಕಳನ್ನು ಕೊಡುವುದಿಲ್ಲ. ಗೊತ್ತಾದ ದಿನವೇ ಫಲಕ ಕಿತ್ತುಕೊಳ್ಳುತ್ತಾರೆ.

ಸಲಹೆಗೆ ಲಾನಿ ಇದ್ದ. ಹಳೆಯ ಗೆಳೆಯ, ಬಹಳ ವರ್ಷಗಳಿಂದ ಗಾಡಿಯಲ್ಲೇ ಅವನ ಸಂಸಾರ. ಕೇಳದಿದ್ದರೂ ಉಪದೇಶ ಕೊಡುವವನು, ಕೇಳಿದರೆ ಬಿಡುತ್ತಾನೆಯೇ? ಒಂದಿಡೀ ಶನಿವಾರ ಹಳೆ ಗಾಡಿ ಮಾರುವವರ ಅಂಗಳಗಳಲ್ಲಿ ಬಿಸಿಲಿಗೆ ಬೆಂದೆವು. ಒಲೆ, ಸಿಂಕು, ಮೆತ್ತನೆಯ ಹಾಸಿಗೆ ಎಲ್ಲ ಇದ್ದ ಮೋಟಾರ್‌ಹೋಮ್ ಒಂದನ್ನು ಕಂಡು ನನ್ನ ಮನಸ್ಸು ಅಲ್ಲೇ ಅಂಟಿಕೊಂಡಿತು.

“ಸುಮ್ನೆ ಬಾರೋ,” ಎಂದ ಲಾನಿ. “ಇದನ್ನ ಬೀದೀಲಿ ನಿಲ್ಸೋದೂ ಒಂದೇ, ಮನೆ ಇಲ್ದೋನು ಇಲ್ಲಿದಾನೆ ಅಂತ ಡಂಗುರ ಹೊಡೆಸೋದೂ ಒಂದೇ.”

ಆಮೇಲೊಂದು ಮಿನಿವ್ಯಾನ್. ಒಳಗೆ ಮಲಗಿ ನೋಡಿದೆ. ಸುತ್ತಲೂ ಗಾಜು, ಮೀನಿನ ತೊಟ್ಟಿಯಲ್ಲಿ ಬಿದ್ದುಕೊಂಡ ಹಾಗಿತ್ತು. ಮಾರುವವನು ಗಾಜಿಗೆ ಮೂಗು ಒತ್ತಿ, “ಕ್ಯಾಂಪಿಂಗಿಗಾ ಸಾರ್?” ಎಂದು ನಗುತ್ತ ಕೇಳಿದ. ಅವನಿಗೆ ಎಲ್ಲ ಗೊತ್ತಿತ್ತು, ಹಾಳಾದವನು. ಮೂಲೆಯಲ್ಲಿ ಹಳೆಯ ಶವವಾಹನವೊಂದಿತ್ತು. ಉದ್ದ ಸರಿಯಾಗಿತ್ತು, ಪರದೆಗಳೂ ಇದ್ದವು.

“ಇದ್ರಲ್ಲಿ ಮಲಗಿದೋರು ಒಬ್ರೂ ಇಲ್ಲೀತನಕ ಕಂಪ್ಲೇಂಟ್ ಮಾಡಿಲ್ಲ ಕಣೋ,” ಎಂದ ಲಾನಿ.

“ನಾನಿನ್ನೂ ಸತ್ತಿಲ್ಲ.”

“ಹಂಗಾದ್ರೆ ನಾನು ಹೇಳೋದು ಕೇಳು. ಬಿಳೀದು, ಕಿಟಕಿ ಇಲ್ದಿರೋ ವ್ಯಾನು. ಮೇಲೊಂದು ಏಣಿ ಕಟ್ಟು, ಮುಂದಿನ ಗಾಜಿನ ಹತ್ರ ಕೆಲಸಗಾರರು ಹಾಕೋ ಹೆಲ್ಮೆಟ್ ಒಂದು ಇಡು. ನಲ್ಲಿ ರಿಪೇರಿಯೋನು ಅಂದ್ಕೊಂಡು ಜನ ತಿರುಗಿಯೂ ನೋಡಲ್ಲ. ಇಂಥ ಗಾಡಿ ಯಾರ ಕಣ್ಣಿಗೂ ಬೀಳಲ್ಲ.”

ಅದನ್ನೇ ಕೊಂಡೆ. ಏಣಿ ಕಟ್ಟಿದೆ, ಹೆಲ್ಮೆಟ್ ಇಟ್ಟೆ. ಬೆಳಗಿನ ಕೆಲಸಕ್ಕೆ ಹತ್ತಿರವಾಗಲಿ ಎಂದು ಶಾಲೆಯ ಹಿಂದಿನ ಬೀದಿಯಲ್ಲೇ ನಿಲ್ಲಿಸಿದೆ. ಸ್ವಲ್ಪ ದಿನ ಯಾರೂ ತಿರುಗಿ ನೋಡಲಿಲ್ಲ. ಬದುಕಿದೆ ಅಂದುಕೊಂಡೆ.

ಒಂದು ಬೆಳಿಗ್ಗೆ ಟ್ರಿಶಾ ಬಂದಳು. ಅವಳಿ ಮಕ್ಕಳ ತಾಯಿ, ಪೋಷಕರ ಸಂಘದಲ್ಲಿ ಅವಳದೇ ದರ್ಬಾರು. “ಮಿಸ್ಟರ್ ವೆಂಡೆಲ್, ಇದನ್ನ ನೋಡಿದ್ರಾ?” ಎಂದು ಫೋನು ಹಿಡಿದಳು. ಬಡಾವಣೆಯವರ ಗುಂಪಿನಲ್ಲಿ ನನ್ನ ಗಾಡಿಯ ಫೋಟೋ. ‘ಶಾಲೆಯ ಹಿಂದೆ ಕಿಟಕಿಯಿಲ್ಲದ ಬಿಳಿ ವ್ಯಾನ್. ಹುಷಾರು.’ ಅದರ ಕೆಳಗೆ ಊರಿಗೆ ಊರೇ ಬೈಗುಳ ಸುರಿದಿತ್ತು.

ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಪ್ರತಿ ವರ್ಷ ಶಾಲೆ ಶುರುವಾದಾಗ ಪೊಲೀಸಮ್ಮ ಬಂದು, ಮಕ್ಕಳ ಕಳ್ಳರು ಎಂಥ ಗಾಡಿಯಲ್ಲಿ ಬರುತ್ತಾರೆ, ಯಾವುದನ್ನು ಕಂಡರೆ ಓಡಬೇಕು ಎಂದು ಮಕ್ಕಳನ್ನು ಕೇಳುತ್ತಾಳೆ. “ಬಿಳಿ ವ್ಯಾನ್!” ಎಂದು ಮಕ್ಕಳು ಕೂಗುತ್ತಾರೆ. ಪಕ್ಕದಲ್ಲಿ ಫಲಕ ಹಿಡಿದು, “ಇನ್ನೂ ಜೋರಾಗಿ” ಎನ್ನುವವನು ನಾನೇ. ನಲ್ಲಿ ರಿಪೇರಿಯವನ ಹಾಗೆ ಕಾಣುವ ಆತುರದಲ್ಲಿ ನಾನು ಯಾರೆಂಬುದನ್ನೇ ಮರೆತಿದ್ದೆ.

“ಒಳಗೆ ಯಾವನೋ ಇರ್ತಾನಂತೆ. ಕೆಮ್ಮೋದು ಕೇಳಿಸ್ತಂತೆ,” ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನಗೆ ಅದೇ ಹೊತ್ತಿಗೆ ಕೆಮ್ಮು ಬರಬೇಕೆ? ನುಂಗಿಕೊಂಡೆ.

“ಪೊಲೀಸ್ರು ಯಾವಾಗ ಬರ್ತಾರೋ ಏನೋ. ಅಲ್ಲೀವರ್ಗೂ ನೀವೇ ಒಂದು ಕಣ್ಣಿಟ್ಟಿರಿ. ನಿಮ್ಮಷ್ಟು ನಂಬಿಕೆ ನಮಗೆ ಬೇರೆ ಯಾರ ಮೇಲೂ ಇಲ್ಲ.”

“ನಾನು ನೋಡ್ಕೋತೀನಿ ಬಿಡಮ್ಮ.”

ಅವತ್ತು ಸಂಜೆಯೇ ಗಾಡಿಯನ್ನು ಊರಾಚೆಯ ಗೋದಾಮುಗಳ ಸಾಲಿಗೆ ಒಯ್ದೆ. ಅಲ್ಲಿಂದ ಕೆಲಸಕ್ಕೆ ಎರಡು ಬಸ್ಸು ಬದಲಿಸಬೇಕು. ಲಾನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ.

“ಗಾಡಿ ಸರಿಯಾಗೇ ಇದೆ,” ಎಂದ ಅವನು. “ಅದನ್ನ ತಗೊಂಡ್ಹೋಗಿ ಶಾಲೆ ಬೆನ್ನಿಗೆ ನಿಲ್ಸಿದ್ದು ಯಾವ ಮಹಾನುಭಾವ?”

ಸೋಮವಾರ ಟ್ರಿಶಾ ಬಾಳೆಹಣ್ಣಿನ ಕೇಕು ತಂದಳು. ಇನ್ನೂ ಬಿಸಿಯಾಗಿತ್ತು. “ವ್ಯಾನ್ ಹೋಯ್ತಲ್ಲ, ಎಲ್ಲಾ ನಿಮ್ಮಿಂದ,” ಎಂದಳು. ಅವಳ ಹಿಂದಿದ್ದ ಇಬ್ಬರು ಮೂವರು ತಾಯಂದಿರು ಚಪ್ಪಾಳೆ ತಟ್ಟಿದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆಂದು ತೋರಿಸಲು ಮಾತ್ರ ಒಬ್ಬರೂ ಸಿಗಲಿಲ್ಲ.

ಅವಳಿಗಳಲ್ಲಿ ಒಬ್ಬಳು ನನ್ನ ಜಾಕೆಟ್ ಎಳೆದಳು. “ಅವನು ಹೆದರ್ಕೊಂಡ್ನಾ, ಮಿಸ್ಟರ್ ವೆಂಡೆಲ್?”

“ತುಂಬಾ ಹೆದರ್ಕೊಂಡ, ಪುಟ್ಟಿ.”

“ಈಗ ಅವನು ಎಲ್ಲಿ ಮಲಗ್ತಾನೆ?”

“ಎಲ್ಲೋ ಮಲಗ್ತಾನೆ, ನಮಗ್ಯಾಕೆ? ನಡಿ,” ಎಂದು ಟ್ರಿಶಾ ಅವಳ ಕೈ ಹಿಡಿದಳು.

ನಾನು ಕೇಕನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆಗಿಳಿದು ಫಲಕ ಎತ್ತಿದೆ. ಗಾಡಿಗಳೆಲ್ಲ ನಿಂತವು. ಅವರು ದಾಟಿ ಹೋದರು.