ಟೇಪು ಹಚ್ಚದ ಒಂದು ದಿನ

ಊರಿನ ಫೋಟೋಗ್ರಾಫರುಗಳೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಯಾವ ಕ್ಯಾಮೆರಾ ಕೈಗೆ ಸಿಕ್ಕರೂ ಮೊದಲು ಅದರ ಹಣೆಯ ಮೇಲಿನ ಕಂಪನಿಯ ಹೆಸರಿಗೆ ಕಪ್ಪು ಟೇಪು ಅಂಟಿಸಿ, ಆಮೇಲೆ ಲೆನ್ಸಿನ ಮುಚ್ಚಳ ತೆಗೆಯುವವಳು. ಬೇರೆ ಹೆಂಗಸರ ಚೀಲದಲ್ಲಿ ಬಾಚಣಿಗೆ ಇದ್ದ ಹಾಗೆ ಅವಳ ಚೀಲದಲ್ಲಿ ಟೇಪಿನ ಸುರುಳಿ ಸದಾ ಇರುತ್ತಿತ್ತು. ಕತ್ತರಿ ಬೇಕಿರಲಿಲ್ಲ. ಮುಂದಿನ ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದಳು.

ಅದು ಅಪ್ಪ ಕಲಿಸಿದ ಪಾಠ. ಸ್ಟುಡಿಯೋ ಅವರದೇ. ಯಾಕಪ್ಪಾ ಮುಚ್ಚಬೇಕು ಎಂದು ಕೇಳಿದಾಗಲೆಲ್ಲ ಅಪ್ಪ ಒಂದೊಂದು ಕಾರಣ ಹೇಳುತ್ತಿದ್ದರು. ಬೆಲೆ ಗೊತ್ತಾಗದಿದ್ದರೆ ಕಳ್ಳನ ಕಣ್ಣು ಬೀಳುವುದಿಲ್ಲ. ಬಿಳಿ ಅಕ್ಷರ ಗಾಜಿನಲ್ಲೋ ಕನ್ನಡಿಯಲ್ಲೋ ಮಿಂಚಿ ಫೋಟೋ ಕೆಡಿಸುತ್ತದೆ. ಕಂಪನಿಯವನೇನು ನಮ್ಮ ಸೋದರಮಾವನೇ, ಅವನ ಹೆಸರನ್ನು ಹಣೆಗೆ ಕಟ್ಟಿಕೊಂಡು ಬೀದಿ ಸುತ್ತಲು? ಆದರೆ ಸಾಯುವ ಮುಂಚಿನ ವರ್ಷ ಹೇಳಿದ ಕಾರಣ ಅವಳ ಮನಸ್ಸಿಗೆ ಹತ್ತಿತು. "ಎದುರಿಗಿರೋರು ಅಕ್ಷರ ಕಂಡ್ರೆ ಓದೋಕೆ ಶುರು ಮಾಡ್ತಾರೆ ಮಗಳೇ. ಓದೋ ಮುಖ ಬೇರೆ, ಬದುಕೋ ಮುಖ ಬೇರೆ. ನಮಗೆ ಬೇಕಾಗಿರೋದು ಎರಡನೇದು."

ತಮ್ಮನಿಗೆ ಈ ಪಾಠ ನಾಟಲಿಲ್ಲ. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಅಮ್ಮ ಬೇಗ ಹೋದದ್ದರಿಂದ ಅಕ್ಕನ ಸೊಂಟದ ಮೇಲೇ ಬೆಳೆದವನು. ಸ್ಟುಡಿಯೋದೊಳಗಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಗದ್ದ ಒಂಚೂರು ಕೆಳಗೆ, ಭುಜ ಈ ಕಡೆ ಎಂದು ಮೆಲ್ಲಗೆ ಹೇಳುತ್ತಾ ತಾನೂ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದ. ಎಂಥ ಗಂಟು ಮೋರೆಯಾದರೂ ಅವನ ಹಿಂದೆಯೇ ತಿರುಗಿ ಬೆಳಕಿಗೆ ಬರುತ್ತಿತ್ತು.

ಆ ವರ್ಷ ದೊಡ್ಡ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನವಾಗಿ ಅವನಿಗೆ ಹೊಸ ಕ್ಯಾಮೆರಾ ಬಂತು. ಹಣೆಯ ಮೇಲೆ ಬೆರಳುಗಾತ್ರದ ಬಿಳಿ ಅಕ್ಷರಗಳು. ಊರಿಗೆಲ್ಲ ಅಂಥದ್ದು ಅದೊಂದೇ. ಅಕ್ಕ ಟೇಪು ಹಿಡಿದು ಬಂದರೆ ಅವನು ಕ್ಯಾಮೆರಾವನ್ನು ಕಂಕುಳಿಗೆ ಅವುಚಿಕೊಂಡ.

"ಬಂದ ದಿನವೇ ಮುಸುಕು ಹಾಕ್ಬೇಕಾ? ನಾಲ್ಕು ಜನ ನೋಡ್ಲಿ ಬಿಡಕ್ಕಾ."

ಅಕ್ಕ ನಕ್ಕು ಟೇಪನ್ನು ಚೀಲಕ್ಕೆ ಹಾಕಿಕೊಂಡಳು.

ಅವಳದು ಸಂಜೆ ಪತ್ರಿಕೆಗೆ ಫೋಟೋ ಕೊಡುವ ಕೆಲಸ. ಒಂದು ದಿನ ಅವಳ ಹಳೇ ಕ್ಯಾಮೆರಾ ಕೈಕೊಟ್ಟು ರಿಪೇರಿಗೆ ಹೋಯಿತು. ರಸ್ತೆಯ ಗುಂಡಿಗಳ ಫೋಟೋ ಇವತ್ತೇ ಬೇಕೆಂದು ಸಂಪಾದಕರು ಪಟ್ಟು ಹಿಡಿದಿದ್ದರು. ಅವಳು ಕೇಳುವ ಮೊದಲೇ ತಮ್ಮ ತನ್ನ ಹೊಸ ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿ, ಗುಂಡಿಗೆ ನೀನು ಬಿದ್ದರೂ ಇದು ಬೀಳಬಾರದು ಎಂದು ತಮಾಷೆ ಮಾಡಿದ. ಬೀದಿಗಿಳಿದ ಮೇಲೆ ಅವಳ ಕೈ ತಾನಾಗಿಯೇ ಟೇಪಿಗೆ ಹೋಯಿತು. ಆದರೆ ಸಂಜೆ ವಾಪಸು ಕೊಡುವಾಗ ಅಂಟಿನ ಕಲೆ ಕಂಡು ಹುಡುಗನ ಮುಖ ಸಣ್ಣದಾದೀತು ಅನ್ನಿಸಿ ಕೈ ಹಿಂದಕ್ಕೆ ತೆಗೆದಳು. ಅವಳು ಮಾಡಿದ ತಪ್ಪು ಇಷ್ಟೇ.

ಮೂರನೇ ಗುಂಡಿಯ ಹತ್ತಿರ ಬಗ್ಗಿದ್ದಾಗ ಎದುರಿನ ಕ್ಷೌರದಂಗಡಿಯಿಂದ ಐದು ಜನ ಒಬ್ಬನನ್ನು ಕುರ್ಚಿಯಿಂದ ಕಿತ್ತು ಬೀದಿಗೆ ಎಳೆದರು. ಲಾರಿ ಸ್ಟ್ಯಾಂಡಿನ ಹಮಾಲರ ಮುಖಂಡ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಕೊರಳಿನ ಬಿಳಿ ಬಟ್ಟೆಯನ್ನೂ ಬಿಚ್ಚಲು ಬಿಡಲಿಲ್ಲ. ಕಬ್ಬಿಣದ ಸಲಾಕೆಯ ಮೊದಲ ಏಟಿಗೆ ಮಂಡಿ ಹೋಯಿತು, ಎರಡನೆಯದಕ್ಕೆ ದವಡೆ. ಬಿದ್ದವನ ತಲೆಗೆ ಒಬ್ಬರಾದ ಮೇಲೊಬ್ಬರು, ಕಂಬ ನೆಡುವವರಂತೆ ಸರದಿಯ ಮೇಲೆ ಹೊಡೆದರು. ನೊರೆ ನಸುಗೆಂಪಾಯಿತು, ಆಮೇಲೆ ಕೆಂಪೇ ಆಯಿತು. ಟೇಪಕ್ಕ ಟೋಪಿಯನ್ನು ಕೆಳಕ್ಕೆಳೆದು, ಒಂದೊಂದೇ ಮುಖ ಹಿಡಿದು ಒತ್ತುತ್ತಾ ಹೋದಳು. ಅವರು ತಲೆಯೆತ್ತುವಷ್ಟರಲ್ಲಿ ನಿಂತಿದ್ದ ಟೆಂಪೋವಿನ ಹಿಂದೆ ಕೂತಾಗಿತ್ತು.

ಅವರು ಓಡಿಹೋದ ಮೇಲೆ ಕ್ಷೌರಿಕ ಹೊರಗೆ ಬಂದು, ಟವೆಲನ್ನು ನಾಲ್ಕು ಮಡಿಕೆ ಮಾಡಿ ಸಾಯುತ್ತಿದ್ದವನ ತಲೆಯಡಿ ಇಟ್ಟ. ಉಳಿದಿದ್ದ ನೊರೆಯನ್ನು ಅಂಗೈಯಿಂದ ಒರೆಸಿದ. ಇನ್ನು ಆಯ್ತು, ಮುಗೀತು ಅಣ್ಣ ಎಂದು ಕೆಲಸ ಮುಗಿಸಿದಾಗ ಹೇಳುವ ಮಾತನ್ನೇ ಹೇಳಿದ. ಟವೆಲು ಪೂರ್ತಿ ನೆನೆಯುವ ಮುಂಚೆ ಅವನ ಉಸಿರು ನಿಂತಿತು.

ಪತ್ರಿಕೆ ಆ ಫೋಟೋವನ್ನು ಮುಖಪುಟದ ತುಂಬ ಹಾಕಿತು. ತೆಗೆದವರ ಹೆಸರು ಹಾಕಲಿಲ್ಲ. ಮಾರನೆಯ ದಿನವೇ ಇಬ್ಬರು ಸಿಕ್ಕಿಬಿದ್ದರು, ಮೂವರು ತಲೆಮರೆಸಿಕೊಂಡರು. ಕೋರ್ಟಿನಲ್ಲಿ ತೆಗೆದವರು ನಿಂತು ಹೌದು, ಕಣ್ಣಾರೆ ಕಂಡೆ ಅನ್ನಬೇಕು, ಅಲ್ಲಿಯವರೆಗೆ ಗುಟ್ಟಾಗಿರಲಿ ಎಂದು ಪೊಲೀಸರು ಹೇಳಿದರು. ಫೋಟೋದಲ್ಲಿ ಐದು ಮುಖಗಳಿವೆ ಎಂದು ಎಲ್ಲರೂ ಎಣಿಸಿದ್ದರು. ಆದರೆ ತೆರೆದ ಬಾಗಿಲಿನ ಒಳಗೆ, ಕ್ಷೌರದಂಗಡಿಯ ದೊಡ್ಡ ಕನ್ನಡಿಯಲ್ಲಿ ಆರನೆಯವರೊಬ್ಬರು ನಿಂತಿದ್ದರು. ಟೋಪಿ, ತುಂಬುತೋಳಿನ ಅಂಗಿ, ಮುಖದ ಜಾಗದಲ್ಲಿ ಕ್ಯಾಮೆರಾ, ಅದರ ಹಣೆಯಲ್ಲಿ ಹಲ್ಲು ಕಿರಿದ ಹಾಗೆ ಬಿಳಿ ಅಕ್ಷರ. ಟೇಪಕ್ಕನಿಗೆ ಅದು ಕಂಡಿರಲಿಲ್ಲ. ಫೋಟೋ ತೆಗೆಯುವವರಿಗೆ ಫೋಟೋದಲ್ಲಿ ತಮ್ಮನ್ನು ಹುಡುಕುವ ಅಭ್ಯಾಸ ಇರುವುದಿಲ್ಲ.

ತಲೆಮರೆಸಿಕೊಂಡಿದ್ದವರಿಗೆ ಕಂಡಿತು. ಪತ್ರಿಕೆಯನ್ನು ಇನ್ನೊಂದು ಕನ್ನಡಿಗೆ ಹಿಡಿದು ಹೆಸರನ್ನು ನೇರ ಮಾಡಿ ಓದಿಕೊಂಡರು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೇಪಕ್ಕ ಸ್ಟುಡಿಯೋದ ಹಿಂಪರದೆಯ ಆಚೆ ಕೂತು, ರಿಪೇರಿಯಾಗಿ ಬಂದ ಹಳೇ ಕ್ಯಾಮೆರಾಕ್ಕೆ ಹೊಸ ಟೇಪು ಹಚ್ಚುತ್ತಿದ್ದಳು. ಪಕ್ಕದ ಮಳಿಗೆಗೆ ನೆಲದ ಟೈಲ್ಸ್ ಹಾಕುತ್ತಿದ್ದರು. ಕಲ್ಲು ಕೊಯ್ಯುವ ಯಂತ್ರ ಕಿವಿ ಹರಿಯುವಂತೆ ಕಿರುಚುತ್ತಿತ್ತು. ಈಚೆ ತಮ್ಮ ಒಬ್ಬ ಮುದುಕರನ್ನು ಸ್ಟೂಲಿನ ಮೇಲೆ ಕೂರಿಸಿ ಗದ್ದ ಸರಿಮಾಡುತ್ತಿದ್ದ.

ಮೂವರು ಒಳಗೆ ಬಂದರು. ಗಡ್ಡದವನು ಮುದುಕರ ಊರುಗೋಲನ್ನು ಎತ್ತಿ ಕೈಗೆ ಕೊಟ್ಟು, ಮೆಟ್ಟಿಲು ನೋಡಿಕೊಂಡು ಇಳೀರಿ ತಾತ ಎಂದು ತೋಳು ಹಿಡಿದು ಇಳಿಸಿ ಬಂದು, ರೋಲಿಂಗ್ ಶಟರನ್ನು ಮೊಣಕಾಲೆತ್ತರಕ್ಕೆ ಎಳೆದ. ಕೆಂಪಂಗಿಯವನು ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಹರಡಿ ಕನ್ನಡಿಯ ಮೇಲೆ ಬೆರಳಿಟ್ಟ. ಈ ಹೆಸರಿನ ಕ್ಯಾಮೆರಾ ಊರಲ್ಲಿ ಯಾರ ಹತ್ತಿರ ಇದೆ ಅಂತ ಕೇಳಿದ್ದಕ್ಕೆ ಕ್ಯಾಮೆರಾ ರಿಪೇರಿಯವನು ನಿನ್ನನ್ನು ಹೊಗಳಿದ್ದೇ ಹೊಗಳಿದ್ದು, ಮೊದಲ ಬಹುಮಾನವಂತೆ ಎಂದ. ಆಮೇಲೆ ಕೇಳಿದ.

"ಈ ಕ್ಯಾಮೆರಾ ಯಾರದಪ್ಪಾ?"

"ನಂದೇ."

"ಹಿಡಿದಿರೋನು?"

ತಮ್ಮ ಪತ್ರಿಕೆ ನೋಡಿದ. ಟೋಪಿ ನೋಡಿದ. ಯಾರ ಟೋಪಿ ಎಂದು ಅವನಿಗೆ ಗೊತ್ತಿತ್ತು.

"ಕ್ಯಾಮೆರಾ ನಂದಾದ್ಮೇಲೆ ಕೈ ಇನ್ಯಾರದು?"

ಪರದೆಯ ಹಿಂದೆ ಟೇಪಕ್ಕ ಟೇಪು ಬಿಟ್ಟು ಸೀಳಿಗೆ ಕಣ್ಣು ಹಚ್ಚಿದಳು. ಕೆಂಪಂಗಿಯವನು ಹೆಚ್ಚೇನೂ ಕೇಳಲಿಲ್ಲ. ಅದು ನಕಲಿ, ಮುಖಗಳನ್ನು ಕಂಪ್ಯೂಟರಿನಲ್ಲಿ ಅಂಟಿಸಿದ್ದು ಎಂದು ಕೋರ್ಟಿನಲ್ಲಿ ಹೇಳು, ನಿನ್ನ ಪಾಡಿಗೆ ನೀನಿರು ಎಂದ. ತಮ್ಮ ಆಗುವುದಿಲ್ಲ ಎಂದು ತಲೆಯಾಡಿಸಿದ. ಮೊದಲ ಗುದ್ದು ಮೂಗಿನ ಮೇಲೆ ಬಿತ್ತು.

ಅವಳು ಎದ್ದೇಬಿಟ್ಟಳು. ಪರದೆಯ ಸೀಳಿನಲ್ಲಿ ತಮ್ಮನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಬೇಡ ಎಂದಿತು ಆ ಕಣ್ಣು. ರಕ್ತ ಒರೆಸಿಕೊಂಡು, ಅವನು ಒಂದು ಹೆಜ್ಜೆ ಎಡಕ್ಕೆ ಸರಿದ. ಗಿರಾಕಿಗಳ ಮುಂದೆ ದಿನಾ ಸರಿಯುವ ಅದೇ ಹೆಜ್ಜೆ. ಹೊಡೆಯುವವರು ಅವನ ಹಿಂದೆಯೇ ತಿರುಗಿದರು. ಕೆಂಪಂಗಿಯವನ, ಗಡ್ಡದವನ ಮುಖಗಳೆರಡೂ ಸ್ಟುಡಿಯೋದ ದೀಪಕ್ಕೆ, ಪರದೆಯ ಸೀಳಿಗೆ ಎದುರಾದವು; ಮೂರನೆಯವನು ಅವರ ಬೆನ್ನ ಹಿಂದೆ ಉಳಿದ.

ಅವಳಿಗೆ ಅರ್ಥವಾಯಿತು.  ಕೈ ಅಪ್ಪ ಕಲಿಸಿದ ಕೈ, ಕ್ಯಾಮೆರಾ ಎತ್ತಿತು. ಕತ್ತಲಿನ ಸೀಳಿನಲ್ಲಿ ಕಪ್ಪು ಕ್ಯಾಮೆರಾ, ಕಪ್ಪು ಟೇಪು. ಮಿಂಚುವುದಕ್ಕೆ ಒಂದು ಅಕ್ಷರವೂ ಇರಲಿಲ್ಲ. ಯಂತ್ರದ ಕಿರುಚಾಟದಲ್ಲಿ ಟಕ್ಕೆನ್ನುವ ಸದ್ದು ಯಾರಿಗೂ ಕೇಳಲಿಲ್ಲ, ತಮ್ಮನ ಕೂಗೂ ಬೀದಿಗೆ ಕೇಳಲಿಲ್ಲ. ಹೊಟ್ಟೆಗೆ ಒದ್ದರು, ಒತ್ತಿದಳು. ಕಿವಿಗೆ ಹೊಡೆದರು, ಒತ್ತಿದಳು. ಬಿದ್ದವನ ಕೂದಲು ಹಿಡಿದೆತ್ತಿ ಮೇಜಿನ ಅಂಚಿಗೆ ಹಣೆ ಅಪ್ಪಳಿಸಿದರು. ಅವಳು ತುಟಿ ಕಚ್ಚಿಕೊಂಡು ಕೆಂಪಂಗಿಯವನ ಮುಖಕ್ಕೆ ಫೋಕಸ್ ಮಾಡಿ ಒತ್ತಿದಳು. ಎದ್ದು ನಿಲ್ಲುವಾಗಲೆಲ್ಲ ತಮ್ಮ ಮತ್ತೆ ಎಡಕ್ಕೇ ಸರಿಯುತ್ತಿದ್ದ.

ಕೊನೆಗೆ ಗಡ್ಡದವನು ಅವನ ಬಲಗೈಯನ್ನು ಮೇಜಿನ ಮೇಲೆ ಚಾಚಿ ಹಿಡಿದ. ಇನ್ನು ಯಾರ ಫೋಟೋನೂ ತೆಗೀಬಾರದು ಎಂದು ಕೆಂಪಂಗಿಯವನು ಭಾರದ ಟ್ರೈಪಾಡನ್ನು ಎರಡು ಕೈಯಲ್ಲೂ ಎತ್ತಿದ. ಅಷ್ಟು ಹೊತ್ತೂ ಹಿಂದೆಯೇ ಇದ್ದ ಮೂರನೆಯವನು ಆಗ ನೋಡಲೆಂದು ಮುಂದಕ್ಕೆ ಬಾಗಿದ. ಬೀದಿಯ ಫೋಟೋದಲ್ಲಿ ಮಸುಕಾಗಿದ್ದ ಅವನ ಮುಖ ಸ್ಪಷ್ಟವಾಗಿ ಸಿಕ್ಕಿದ್ದು ಅದೇ ಮೊದಲ ಸಲ. ಟೇಪಕ್ಕ ಒತ್ತಿದಳು. ಆಮೇಲೆ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು. ಪರದೆ ಕಿತ್ತುಕೊಂಡು ಹೊರಗೆ ಬಿದ್ದಳು.

"ತೆಗೆದದ್ದು ನಾನು. ಅವನಲ್ಲ, ನಾನು."

ಟ್ರೈಪಾಡು ಆಗಲೇ ಇಳಿದಿತ್ತು. ಒಣ ಸೌದೆ ಮುರಿದ ಸದ್ದಾಯಿತು. ಕೆಂಪಂಗಿಯವನು ಅವಳ ಕಡೆ ತಿರುಗಿ ನಕ್ಕ.

"ತಮ್ಮನ್ನ ಉಳಿಸೋಕೆ ಎಲ್ಲಾ ಅಕ್ಕಂದಿರೂ ಇದನ್ನೇ ಹೇಳೋದು."

ಅವಳು ಉರಿಯುತ್ತಿದ್ದ ದೀಪವನ್ನು ಅದರ ಕಂಬದ ಸಮೇತ ಎತ್ತಿ ಅವನ ನಗುವಿನ ಮೇಲೆ ಹಾಕಿದಳು. ಬಲ್ಬು ಒಡೆಯಿತು, ಚರ್ಮ ಚುರ್ರೆಂದಿತು. ಅವನು ಕುರುಡನಂತೆ ಬೀಸಿದ ಟ್ರೈಪಾಡಿನ ಕಾಲು ಅವಳ ಬಾಯಿಗೆ ತಗಲಿ ಮುಂದಿನ ಮೂರು ಹಲ್ಲು ನೆಲಕ್ಕೆ ಬಿದ್ದವು. ಆಗ ಪಕ್ಕದಲ್ಲಿ ಯಂತ್ರ ನಿಂತಿತು. ಆ ನಿಶ್ಶಬ್ದದಲ್ಲಿ ತಮ್ಮನ ಕೂಗು ಬೀದಿಗೆ ಬಿತ್ತು. ಟೈಲ್ಸಿನವರು ಸುತ್ತಿಗೆ ಹಿಡಿದು ಶಟರಿನಡಿ ನುಗ್ಗಿ ಬಂದರು. ಗಡ್ಡದವನನ್ನು ಕೆಡವಿ ಬೆನ್ನ ಮೇಲೆ ಕೂತರು. ಉಳಿದಿಬ್ಬರು ಕೈಗೆ ಸಿಗದೆ ಓಡಿದರು. ಟೈಲ್ಸಿನವರಲ್ಲೊಬ್ಬ, ಮೈಯೆಲ್ಲ ಕಲ್ಲಿನ ಹಿಟ್ಟು ಮೆತ್ತಿದ್ದವನು, ನೆಲದಿಂದ ಹಲ್ಲುಗಳನ್ನು ಆರಿಸಿ, ತನ್ನ ಬನಿಯನ್ನಿಗೆ ಒರೆಸಿ ಅವಳ ಅಂಗೈಯಲ್ಲಿಟ್ಟ. ಯಾಕೆ ಕೊಟ್ಟನೋ ಅವನಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಅವಳು ಮುಷ್ಟಿ ಬಿಗಿಹಿಡಿದಳು.

ತಮ್ಮನ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಆಸ್ಪತ್ರೆಯಲ್ಲಿ ತೆಗೆದರು. ಅವಳು ಮೂರು ದಿನ ಬಾಯಿ ಬಿಡಲಿಲ್ಲ. ಹಲ್ಲಿನ ನೋವು ಎಂದು ಎಲ್ಲರೂ ಅಂದುಕೊಂಡರು. ನಾಲ್ಕನೇ ದಿನ ಅವನ ಮಂಚದ ಪಕ್ಕ ಕೂತು ತಪ್ಪು ಒಪ್ಪಿಕೊಂಡಳು. ಟ್ರೈಪಾಡು ಮೇಲಿದ್ದಾಗಲೇ ಅವಳು ಓಡಿ ಬರಬಹುದಿತ್ತು. ಒಂದು ಫೋಟೋ ತೆಗೆದು ಬಂದಳು. ಆ ಒಂದು ಒತ್ತಿಗೆ ಎರಡು ಬೆರಳು.

ಅವನು ಪಟ್ಟಿ ಕಟ್ಟಿದ ಕೈಯನ್ನು ಹೊದಿಕೆಯ ಮೇಲಿಟ್ಟು ಕೇಳಿದ.

"ಅದು ಶಾರ್ಪ್ ಬಂದಿದೆಯಾ?"

"ಬಂದಿದೆ."

"ಮೂರನೇವನ ಮುಖ?"

"ರೆಪ್ಪೆ ಎಣಿಸ್ಬಹುದು."

"ಹಾಗಾದ್ರೆ ಅಳಬೇಡ" ಎಂದ, ಆದರೆ ಗೋಡೆಯ ಕಡೆ ತಿರುಗಿ ತಾನೇ ಅತ್ತ.

ಓಡಿಹೋಗಿದ್ದ ಇಬ್ಬರೂ ಆ ಫೋಟೋಗಳಿಂದಲೇ ಸಿಕ್ಕಿದರು. ಕೋರ್ಟಿನಲ್ಲಿ ಟೇಪಕ್ಕ ನಿಂತು, ಎರಡು ದಿನದ ಫೋಟೋಗಳನ್ನೂ ತೆಗೆದದ್ದು ನಾನೇ ಎಂದಳು. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿದರೂ ಬರೆದುಕೊಳ್ಳುವವರು ಎರಡನೇ ಸಲ ಕೇಳಲಿಲ್ಲ. ಐವರಿಗೂ ಶಿಕ್ಷೆಯಾಯಿತು.

ಸಾಕ್ಷ್ಯಕ್ಕೆಂದು ಹೋಗಿದ್ದ ಬಹುಮಾನದ ಕ್ಯಾಮೆರಾ ಕೊನೆಗೆ ವಾಪಸು ಬಂತು. ಒತ್ತುವ ಗುಂಡಿ ಇರುವುದು ಬಲಗಡೆ, ತಮ್ಮನಿಗೆ ಉಳಿದದ್ದು ಎಡಗೈ. ವಾರಗಟ್ಟಲೆ ಒದ್ದಾಡಿ ಒಂದು ಉಪಾಯ ಕಂಡುಕೊಂಡ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಹಿಡಿದರೆ ಗುಂಡಿ ಎಡಗೈಗೆ ಬರುತ್ತದೆ. ಗಿರಾಕಿಗಳು ಮತ್ತೆ ಬಂದರು. ಮೊದಲು ಬಂದವರು ಊರುಗೋಲಿನ ಮುದುಕರು. ಅವತ್ತು ಅರ್ಧಕ್ಕೆ ನಿಂತ ಫೋಟೋ ಇವತ್ತು ಮುಗಿಸು ಎಂದು ಅದೇ ಸ್ಟೂಲಿನ ಮೇಲೆ ಕೂತರು.

ತಮ್ಮ ಐದು ಸಲ ತೆಗೆದ. ಐದರಲ್ಲೂ ಮುದುಕರ ಕತ್ತು ಓರೆಯಾಗಿತ್ತು. ಗದ್ದ ನೇರ ತಾತ ಎಂದರೂ ಕೇಳದು. ಕ್ಯಾಮೆರಾದ ಹಣೆಯ ಮೇಲೆ ಬಿಳಿ ಅಕ್ಷರಗಳು ತಲೆಕೆಳಗಾಗಿ ನಿಂತಿದ್ದವು. ಪಾಪ, ಅವರು ಅದನ್ನು ಓದಲು ಕತ್ತು ತಿರುಗಿಸುತ್ತಿದ್ದರು.

ತಮ್ಮ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಆ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ.

"ಅಕ್ಕಾ, ಟೇಪು ಕೊಡು."

ಅವಳು ಚೀಲದಿಂದ ಸುರುಳಿ ತೆಗೆದಳು. ಅಭ್ಯಾಸಬಲದಿಂದ ಬಾಯಿಗೆ ಕೊಂಡೊಯ್ದು, ಹಲ್ಲಿಲ್ಲದ ಒಸಡಿಗೆ ಅದು ತಗಲಿದ ಮೇಲೆ ನೆನಪಾಗಿ, ಕತ್ತರಿ ಎಲ್ಲಿದೆ ಎಂದು ಅತ್ತಿತ್ತ ಹುಡುಕಿದಳು. ತಮ್ಮ ಎಡಗೈ ಚಾಚಿ ಸುರುಳಿಯನ್ನು ಇಸಿದುಕೊಂಡು, ತನ್ನ ಹಲ್ಲಿನಲ್ಲಿ ಕಚ್ಚಿ ಹರಿದ.