ಭೋಜಣ್ಣನ ಹೋಟೆಲಿಗೆ ಮೀನಿಲ್ಲ

ಅದು ತೊಂಬತ್ತೆಂಟರ ರಾಜ್ಯೋತ್ಸವ. ಬೈಂದೂರಿನ ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಯಾಗಲು ಶಾಲೆಯ ಮಾಸ್ತರರು ಆರಿಸಿದ್ದು ಮೀನು ಮಾರುವ ಜಲಜಳ ಮಗಳು ಧನ್ಯಶ್ರೀಯನ್ನು. ಆ ದಿನ ಜಲಜ ಬುಟ್ಟಿ ಹೊರಲಿಲ್ಲ. ತನ್ನ ಮದುವೆ ಸೀರೆಯನ್ನೇ ಮಡಿಸಿ ಮಗಳಿಗೆ ಉಡಿಸಿ, ಅಬ್ಬಲಿಗೆ ಮುಡಿಸಿದಳು. ಹಳದಿ ಕೆಂಪು ಬಾವುಟ ಕಟ್ಟಿದ ಲಾರಿಯ ಮೇಲೆ ಕಿರೀಟವಿಟ್ಟು ಕೂತ ಮಗಳನ್ನು ನೋಡಿದಷ್ಟೂ ಅವಳಿಗೆ ಸಾಲದು.

ಲಾರಿ ಇನ್ನೇನು ಹೊರಡಬೇಕು, ಉತ್ಸವ ಸಮಿತಿಯ ಅಧ್ಯಕ್ಷ ಭೋಜಣ್ಣ ಬಂದ. ಮುಂಬೈಯಲ್ಲಿ ದುಡಿದು ಬಂದು ಹೆದ್ದಾರಿ ಬದಿ ಹೋಟೆಲ್ ಇಟ್ಟವನು. ಅಲ್ಲಿಯ ಮೀನೂಟಕ್ಕೆ ದೂರದೂರದಿಂದ ಜನ ಬರುತ್ತಿದ್ದರು. ಅವನ ಪಕ್ಕದಲ್ಲಿ ಜರಿ ಲಂಗ ಉಟ್ಟ ಅವನ ಮಗಳು ಅನಿಷಾ.

"ಮೇಲೆ ಕೂತದ್ ಯಾರ್? ಜಲಜನ್ ಮಗ್ಳಾ? ಇಳ್ಸಿ, ಇಳ್ಸಿ. ಭುವನೇಶ್ವರಿ ಹತ್ರ ಮೀನ್ ವಾಸ್ನೆ ಬಂದ್ರೆ ಜನ ಎಂತ ಹೇಳ್ತ್ರ್?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಮಾಸ್ತರರು ಲಾರಿಯ ಬಾವುಟ ಸರಿಪಡಿಸತೊಡಗಿದರು. ಅನಿಷಾಳಿಗೆ ಇಡಲೆಂದು ಯಾರೋ ಕಿರೀಟ ಎಳೆದರು. ಪಿನ್ನಿಗೆ ಸಿಕ್ಕಿದ ಕೂದಲೂ ಕಿತ್ತುಬಂತು. ಧನ್ಯಶ್ರೀ ಅಳಲಿಲ್ಲ. ಕೆಳಗಿಳಿದು ತಾಯಿಯ ಕೈ ಹಿಡಿದು, "ಅಮ್ಮ, ನನ್ ಹತ್ರ ವಾಸ್ನೆ ಬತ್ತಾ?" ಎಂದಳು.

ಜಲಜ ಮಗಳನ್ನು ಕರೆದುಕೊಂಡು ಮನೆಯ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ ಹೋಟೆಲಿನ ಅಡುಗೆಯ ತಿಮ್ಮ ಎಂದಿನಂತೆ ಮಾರ್ಕೆಟ್ಟಿಗೆ ಬಂದ. ಜಲಜ ಬುಟ್ಟಿಗೆ ಗೋಣಿ ಮುಚ್ಚಿದಳು.

"ಮೀನ್ ಇಲ್ಲೆ."

"ಬುಟ್ಟಿ ತುಂಬ ಇತ್ತಲೆ, ಮಾರಾಯ್ತಿ!"

"ಇತ್ತ್. ನಿಮ್ ಧಣಿಗೆ ಇಲ್ಲೆ. ವಾಸ್ನೆ ಬತ್ತ್ ಅಂಬ್ರಲೆ?"

ಪಕ್ಕದಲ್ಲಿ ಕೂತಿದ್ದ ಕುಸುಮ ತನ್ನ ಬುಟ್ಟಿಯನ್ನೂ ಮುಚ್ಚಿದಳು. ನೋಡನೋಡುತ್ತ ಇಡೀ ಸಾಲು ಮುಚ್ಚಿಕೊಂಡಿತು. ತಿಮ್ಮ ಪಕ್ಕದ ಶಿರೂರಿನ ಮಾರ್ಕೆಟ್ಟಿಗೆ ಓಡಿದ. ಅಲ್ಲಿ ಜಲಜಳ ತಂಗಿ ಮುತ್ತು ಕೂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಬೇರೆಯವರ ಹೆಸರಲ್ಲಿ ಕೊಳ್ಳಲು ಬಂದವರನ್ನೂ ಹೆಂಗಸರು ಗುರುತು ಹಿಡಿದು ಅಟ್ಟಿದರು. ಹೋಟೆಲಿನಲ್ಲಿ ಮೀನು ಕೊಯ್ದು ಮಸಾಲೆ ಅರೆಯುತ್ತಿದ್ದವರೂ ಜಲಜಳ ಕೇರಿಯವರೇ. ಅವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಭೋಜಣ್ಣ ದೂರದಿಂದ ಐಸಿನ ಮೀನು ತರಿಸಿದ. ಖಾಯಂ ಗಿರಾಕಿಗಳು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿ ಎದ್ದರು.

ಮುಂದಿನ ರಾಜ್ಯೋತ್ಸವ ಹತ್ತಿರ ಬರುವಾಗ ಭೋಜಣ್ಣ ತಾನೇ ಜಲಜಳ ಅಂಗಳಕ್ಕೆ ಬಂದು ನಿಂತ. ಜಲಜ ಕೂರಲು ಹೇಳಲಿಲ್ಲ. ಬಿಸಿಲಿಗೆ ಅವನ ಅಂಗಿ ಬೆನ್ನಿಗೆ ಅಂಟಿದ್ದನ್ನು ನೋಡಿ ಅವಳಿಗೆ ಹೊಟ್ಟೆ ತಣ್ಣಗಾಯಿತು.

"ಆದದ್ ಆಯ್ತ್, ಜಲಜ. ಈ ಸಲ ನಿನ್ ಮಗ್ಳೇ ಭುವನೇಶ್ವರಿ. ಬಿಟ್ ಹಾಕ್ ಇನ್."

ಅವನ ಮುಖ ಬತ್ತಿತ್ತು. ಸಾಕೇನೋ ಎಂದು ಜಲಜಳ ಮನಸ್ಸು ಅರೆಗಳಿಗೆ ಹೊಯ್ದಾಡಿತು. "ನನ್ ಮಗ್ಳನ್ನೇ ಕೇಳಿ," ಎಂದು ಧನ್ಯಶ್ರೀಯನ್ನು ಕರೆದಳು.

ಬಂಗುಡೆ ಮೀನು ಕೊಯ್ಯುತ್ತಿದ್ದ ಅವಳು ಕೈ ತೊಳೆಯದೆಯೇ ಹೊರಗೆ ಬಂದಳು. "ನಾ ಬತ್ತಿಲ್ಲೆ. ಅನಿಷಾನೇ ಕೂತ್ಕಣ್ಲಿ. ಅಮ್ಮ, ಮೀನ್ ಮಾತ್ರ ಕೊಡುಕಾಗ."

"ಎಷ್ಟ್ ದಿನ, ಹೆಣ್ಣೆ?" ಭೋಜಣ್ಣ ಅಂಗಲಾಚಿದ.

"ನಿಮ್ ಹೋಟ್ಲ್ ಇಪ್ಪಷ್ಟ್ ದಿನ."

ಆ ತಣ್ಣನೆಯ ಮಾತಿಗೆ ಜಲಜ ಹೊಸಬಳನ್ನು ಕಂಡಂತೆ ಮಗಳ ಮುಖ ನೋಡಿದಳು. ಮರುಕ್ಷಣ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಭೋಜಣ್ಣ ಹೋಟೆಲಿಗೆ 'ಶುದ್ಧ ಸಸ್ಯಾಹಾರಿ' ಎಂದು ಬೋರ್ಡು ಬರೆಸಿದ. ಅವನ ಸಾರು ಯಾರಿಗೂ ಬೇಕಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಶಟರ್ ಎಳೆದು, ಹೆಂಡತಿ ಮಗಳನ್ನು ಕರೆದುಕೊಂಡು ಮತ್ತೆ ಮುಂಬೈ ಬಸ್ಸು ಹತ್ತಿದ.

ಆ ದಿನ ಜಲಜ ಮಾರ್ಕೆಟ್ಟಿಗೆಲ್ಲ ಲಾಡು ಹಂಚಿದಳು. ಕುಸುಮ ಲಾಡು ಕೈಯಲ್ಲಿ ಹಿಡಿದು, "ಆ ಹೆಣ್ಣ್ ಅನಿಷಾ ಎಂತ ಮಾಡಿತ್ತ್? ಪಾಪ ಅಲ್ದಾ?" ಎಂದಳು.

"ಪಾಪವೇ," ಅಂದಳು ಜಲಜ. "ನೀ ತಿನ್ನ್."

ತನ್ನ ಲಾಡನ್ನು ಅವಳು ಒಂದು ಚೂರೂ ಬಿಡದೆ ತಿಂದಳು.